ಬಕೆಟಿಗೆ ಹಾಕುವ ಮೊದಲು

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಬಸ್ಸಿಳಿದು ಪೇಟೆಗೆ ನಡೆದರೆ ಕೈಗೊಂದು ನೋಟಿಸು ಬಂದು ಸೇರದೆ ಇರುವುದಿಲ್ಲ. ಚಿನ್ನದ ಸಾಲ, ಕಂತಿನ ಮಿಕ್ಸಿ, ಹೊಸ ಸಿಮ್ಮು. ಮಾರುವ ಹುಡುಗರು ಭಾಷೆಯಲ್ಲಿ ಬಹಳ ಚುರುಕು. "ಚೇಚ್ಚೀ, ಒರು ಮಿನಿಟ್ಟ್" ಎಂದು ಮಲಯಾಳದಲ್ಲಿ ಶುರುಮಾಡಿದವನು ನನ್ನ ಮುಖ ನೋಡಿ "ಅಕ್ಕಾ, ಸುಮ್ಮನೆ ನೋಡಿ, ತೆಗೊಳ್ಳಲೇಬೇಕೂಂತ ಇಲ್ಲ" ಅನ್ನುತ್ತಾನೆ. ಪಕ್ಕದಲ್ಲಿ ಬಂದವರಿಗೆ ಅದನ್ನೇ ತುಳುವಿನಲ್ಲಿ ಹೇಳುತ್ತಾನೆ. ಬೇಡ ಎಂದರೆ ಬಿಡುತ್ತಾನೆ. ನನಗೆ ಇವರ ಮೇಲೆ ಸಿಟ್ಟಿಲ್ಲ. ಬಿಸಿಲಲ್ಲಿ ನಿಂತು ಹೊಟ್ಟೆಪಾಡು ನೋಡಿಕೊಳ್ಳುವವರು.

ಲಾಟರಿಯವರೂ ಹಾಗೆಯೇ. ಕೇರಳ ಸರಕಾರ 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆಯಿತು. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. ತಲಪಾಡಿಯ ಗಡಿ ದಾಟಿ ಟಿಕೆಟಿಗೆ ಬರುವವರ ಜೊತೆ ವ್ಯಾಪಾರ ಕುದುರಬೇಕಾದರೆ ಕನ್ನಡ ಬರಲೇಬೇಕು. ಬಡ ರೋಗಿಗಳ ಚಿಕಿತ್ಸೆಗೆಂದು 2011ರಲ್ಲಿ ಬಂದ 'ಕಾರುಣ್ಯ' ಟಿಕೆಟೂ ಇವರ ಕೈಯಲ್ಲಿರುತ್ತದೆ.

ನನ್ನ ಬೇಸರ ಬೇರೆ ಕಡೆ. ನಮ್ಮಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರವರು ಸೇರಿ ಚಿಕಿತ್ಸಾ ಸಹಾಯ ಸಮಿತಿ ಮಾಡುತ್ತಾರೆ. ಪಂಚಾಯತು ಮೆಂಬರು, ಮಸೀದಿಯವರು, ದೇವಸ್ಥಾನದವರು, ಕ್ಲಬ್ಬಿನ ಹುಡುಗರು ಎಲ್ಲರೂ ಅದರಲ್ಲಿ. ಬ್ಯಾಂಕಿನಲ್ಲಿ ಜಂಟಿ ಖಾತೆ, ಪೇಟೆಯಲ್ಲಿ ಹಣ ಕೂಡಿಸಲು ಬಕೆಟು. ಖಾಸಗಿ ಬಸ್ಸಿನವರು ಒಂದು ದಿನ 'ಕಾರುಣ್ಯ ಯಾತ್ರೆ' ಓಡಿಸುತ್ತಾರೆ: ಅವತ್ತು ಟಿಕೆಟಿಲ್ಲ, ಕಂಡಕ್ಟರು ಬಕೆಟು ಹಿಡಿದು ಸೀಟು ಸೀಟಿಗೆ ಬರುತ್ತಾನೆ, ಹತ್ತು ರೂಪಾಯಿಯ ದಾರಿಗೆ ಜನ ನೂರು ಹಾಕುತ್ತಾರೆ. ಇಂಥ ಊರಲ್ಲಿ ಹುಟ್ಟಿದ್ದಕ್ಕೆ ನನಗೆ ಹೆಮ್ಮೆಯಿದೆ. ಆದರೆ ಮೈಕಿನ ಮಾತು, ಫ್ಲೆಕ್ಸಿನ ಬರಹ, ರಶೀದಿ ಎಲ್ಲ ಮಲಯಾಳದಲ್ಲಿ ಮಾತ್ರ.

ಮೊನ್ನೆ ಔಷಧಿ ಅಂಗಡಿಯ ಎದುರು ಬಕೆಟು ಹಿಡಿದು ನಿಂತಿದ್ದ ಕಾಲೇಜು ಹುಡುಗಿಯನ್ನು ಒಬ್ಬ ಅಜ್ಜ ಕೇಳಿದರು, "ಇದು ಯಾರಿಗೆ ಮಗಾ?" ಅವಳು ಬಕೆಟಿಗೆ ಅಂಟಿಸಿದ್ದ ಫೋಟೋ ತೋರಿಸಿದಳು. ಏಳೆಂಟು ವರ್ಷದ ಹುಡುಗ, ಮೂಗಿಗೆ ನಳಿಗೆ. ಅಜ್ಜ ಫೋಟೋದ ಕೆಳಗಿನ ಅಕ್ಷರಗಳ ಮೇಲೆ ಬೆರಳಾಡಿಸಿದರು, ಓದಲು ಬರಲಿಲ್ಲ. ಹುಡುಗಿ ಕಷ್ಟಪಟ್ಟು "ಮಂಗಳೂರು... ಆಸ್ಪತ್ರೆ... ಕಿಡ್ನಿ" ಎಂದಳು. ಅಜ್ಜ ಅಂಗಿಯ ಒಳಜೇಬಿನಿಂದ ಮಡಚಿದ ಐವತ್ತರ ನೋಟು ತೆಗೆದು ಹಾಕಿದರು. ಹಾಕಿದ ಮೇಲೂ ಕೇಳಿದರು, "ಯಾವ ಊರಿನ ಮಗು?" ಅವಳಿಗೆ ಅರ್ಥವಾಗಲಿಲ್ಲ.

ಹಣ ಯಾರಿಗೆ ಹೋಯಿತು ಎಂದು ತಿಳಿಯುವುದು ಕೊಟ್ಟವರ ಹಕ್ಕು. ಬೇಡ ಎನ್ನುವುದೂ ಹಕ್ಕೇ, ಆದರೆ ವಿಷಯ ಗೊತ್ತಾಗದವರಿಗೆ ಅದು ಆಗದು. ಮುಖ ನೋಡಿ ಕೊಡುತ್ತಾರೆ, ನಾಚಿಕೆಗೆ ಕೊಡುತ್ತಾರೆ. ಸುಳ್ಳು ರಶೀದಿ ಪುಸ್ತಕ ಹಿಡಿದು ಬರುವವರಿಗೆ ಇದೇ ಅನುಕೂಲ. ಅಂಥವರು ಬಂದು ಹೋದರೆ ಆಮೇಲೆ ಬರುವ ನಿಜವಾದ ಸಮಿತಿಯ ಮೇಲೂ ಸಂಶಯ, ನಷ್ಟ ಮಲಗಿರುವ ರೋಗಿಗೆ.

ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಉಂಟು. ಬಕೆಟಿಗೆ ಆ ಕಾಯಿದೆ ತಾಗುವುದಿಲ್ಲ, ತಾಗಬೇಕೂಂತಲೂ ನಾನು ಹೇಳುವುದಿಲ್ಲ. ಆದರೆ ಇಲ್ಲಿ ಕೂಡಿಸಿದ ಹಣ ಹೆಚ್ಚಾಗಿ ಹೋಗುವುದು ಮಂಗಳೂರಿನ, ದೇರಳಕಟ್ಟೆಯ ಆಸ್ಪತ್ರೆಗಳಿಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ಆಸ್ಪತ್ರೆಗಳು ನಮಗೆ ಎಷ್ಟು ಬೇಕು ಎಂದು ಆಂಬುಲೆನ್ಸಿನಲ್ಲಿ ಕಾದವರಿಗೆ ಗೊತ್ತು. ಕಾಯಿಲೆಗೆ ಎರಡೂ ಕಡೆ ಬೇಕು, ಕೊಡುವವರು ಎರಡೂ ಭಾಷೆಯವರು. ಕೇಳುವುದು ಮಾತ್ರ ಒಂದರಲ್ಲೇ ಯಾಕೆ?

ನಮ್ಮ ವಾರ್ಡಿನಲ್ಲಿ ಈಗ ಒಂದು ಸಮಿತಿ ಆಗಿದೆ. ರೋಗಿಯ ಹೆಸರು, ಊರು, ಬೇಕಾದ ಮೊತ್ತ, ಖಾತೆ ನಂಬರು ಇಷ್ಟನ್ನು ಕನ್ನಡದಲ್ಲೂ ಹಾಕಿ, ಕೊನೆಗೆ ಲೆಕ್ಕವನ್ನೂ ಎರಡು ಭಾಷೆಯಲ್ಲಿ ಅಂಟಿಸಿ, ಉಳಿದ ಹಣ ಏನಾಯಿತೆಂದು ತಿಳಿಸಿ ಎಂದು ಸಭೆಯಲ್ಲಿ ಹೇಳಿದೆ. ಯಾರೂ ಬೇಡ ಎನ್ನಲಿಲ್ಲ. "ಕನ್ನಡ ಬರೆಯುವವರು ಬೇಕಲ್ಲ, ಟೀಚರೇ" ಎಂದರು ಕಾರ್ಯದರ್ಶಿ. ಅಲ್ಲೇ ಕೂತು ಬರೆದುಕೊಟ್ಟೆ. ಪ್ರೆಸ್ಸಿನವರು ಬುಧವಾರ ಕೊಡುತ್ತೇವೆಂದಿದ್ದಾರೆ.