ಬಂದರಿನ ಅಸರ್

ಹಾಸನದ ಬಳಿಯ ದುದ್ದದಲ್ಲಿ ಬೆಳೆದ ನನಗೆ ಮಂಗಳೂರೆಂದರೆ ಮೊದಲು ಮನೆಯ ಹೆಂಚು. ಮಾಡು ಸೋರಿದಾಗ ತಂದೆಯವರು ಏಣಿ ಏರುತ್ತಿದ್ದರು; ಕೆಳಗಿನಿಂದ ಹೆಂಚು ನೀಡುತ್ತ ನಾನು ಅದರ ಬೆನ್ನಿನ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಉದ್ಯಮವದು ಎಂದು ತಿಳಿದದ್ದು ಬಿ.ಎ. ಓದುವಾಗ. ಊರನ್ನು ಕಣ್ಣಾರೆ ಕಂಡದ್ದಾದರೋ ನಲವತ್ತು ದಾಟಿದ ಮೇಲೆ, ಆಸ್ಪತ್ರೆಯಲ್ಲಿದ್ದ ಬಂಧುವೊಬ್ಬರನ್ನು ನೋಡಲು ಶಿರಾಡಿ ಘಾಟಿ ಇಳಿದಾಗ.

ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ಬಂದರಿಗೆ ನಡೆದೆ. ಇಕ್ಕಟ್ಟಾದ ಬೀದಿಗಳು, ದಿನಸಿ ಮಂಡಿಗಳು, ಒಣಮೀನಿನ ವಾಸನೆ. ಲಕ್ಷದ್ವೀಪಕ್ಕೆ ಹೊರಡುವ ಹಡಗಿಗೆ ತರಕಾರಿ ಮೂಟೆಗಳು ಏರುತ್ತಿದ್ದವು. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಈ ಅಳಿವೆಯಲ್ಲಿ ದೊಡ್ಡ ಹಡಗುಗಳಿಗೆ ಬೇಕಾದಷ್ಟು ಆಳವಿಲ್ಲ. ಅವುಗಳಿಗಾಗಿಯೇ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಲಾಯಿತು. ಅದು ಉದ್ಘಾಟನೆಗೊಂಡದ್ದು 1975ರಲ್ಲಿ. ಕುದುರೆಮುಖದ ಅದಿರು ಹೋದದ್ದು ಅಲ್ಲಿಂದ, ಶುದ್ಧೀಕರಣಕ್ಕೆ ಕಚ್ಚಾ ತೈಲ ಬರುವುದು ಅಲ್ಲಿಗೆ, ನಮ್ಮ ಸಕಲೇಶಪುರದ ಕಾಫಿ ಹಡಗೇರುವುದೂ ಅಲ್ಲಿಯೇ. ಬಾಬಾ ಬುಡನ್ ಅವರು ಯಮನ್‌ನಿಂದ ತಂದರೆಂಬ ಪ್ರತೀತಿಯ ಬೀಜ ಅದೇ ಕಡಲಿಗೆ ಮರಳುತ್ತಿದೆ!

ಅಸರ್ ನಮಾಝಿಗೆಂದು ಝೀನತ್ ಬಕ್ಷ್ ಮಸೀದಿಗೆ ಹೋದೆ. ಮಾಲಿಕ್ ದೀನಾರ್ ಅವರ ಸಂಗಡಿಗರ ಕಾಲದಲ್ಲಿ ಸ್ಥಾಪನೆಯಾಯಿತೆಂದು ಕರಾವಳಿಯ ಮುಸ್ಲಿಮರು ನಂಬಿಕೊಂಡು ಬಂದಿರುವ ಮಸೀದಿ. ಮರದ ಕೆತ್ತನೆಯ ಕಂಬಗಳನ್ನು ನೋಡುತ್ತ ನಿಂತವನಿಗೆ ಜಮಾಅತ್ ಆಗಲೇ ಮುಗಿದದ್ದು ತಿಳಿಯಿತು. ನಾನು ಬಂದದ್ದು ಹನಫಿ ಸಮಯಕ್ಕೆ, ಅವರು ಶಾಫಿಈಗಳು. ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅವರಿಗೆ ಅಸರ್ ಆರಂಭ, ಎರಡರಷ್ಟಾದಾಗ ನಮಗೆ. ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ.

ಹಿರಿಯರೊಬ್ಬರು ನಕ್ಕು, "ಘಟ್ಟದ ಮೇಲಿನವರೇ?" ಎಂದರು. ತಡವಾಗಿ ಬಂದಿದ್ದ ಇಬ್ಬರನ್ನು ತೋರಿಸಿ, "ನೀವೇ ಇಮಾಮತ್ ಮಾಡಿ, ನಿಮ್ಮ ರೀತಿಯಲ್ಲೇ" ಎಂದರು. ರುಕೂಗೆ ಬಾಗುವಾಗ ಹಿಂದಿನವರು ಕೈಯೆತ್ತಿದ ಬಟ್ಟೆಯ ಸದ್ದು ಕೇಳಿಸಿತು.

ಆ ಸದ್ದಿಗೆ ಮನಸ್ಸು ನಿಲ್ಲಲಿಲ್ಲ. ವರ್ಷಗಳ ಹಿಂದೆ ಕರಾವಳಿಯಿಂದ ವ್ಯಾಪಾರಕ್ಕೆ ಬಂದ ಬ್ಯಾರಿ ಕುಟುಂಬವೊಂದು ದುದ್ದದಲ್ಲಿ ನೆಲೆಸಿತ್ತು. ಅವರ ಹುಡುಗ ನನ್ನ ಪಾಠಕ್ಕೆ ಬರುತ್ತಿದ್ದ. ಹೀಗೆಯೇ ಕೈಯೆತ್ತಿದವನನ್ನು ಎಲ್ಲರೆದುರು ನಿಲ್ಲಿಸಿ, "ಇಲ್ಲಿ ಇಲ್ಲಿಯವರಂತೆ ಮಾಡು" ಎಂದು ಗದರಿದ್ದೆ. ಅದು ಶಾಫಿಈ ಕ್ರಮವೆಂದು ಆಗಲೂ ನನಗೆ ಗೊತ್ತಿತ್ತು. ಅಜ್ಞಾನವೆಂದು ಹೇಳಿಕೊಳ್ಳಲು ದಾರಿಯಿಲ್ಲ. ಹುಡುಗ ಮರುವಾರದಿಂದ ಬರಲಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಈ ಊರಿಗೆ ಬಂದಿದ್ದ. ಫಾರಸ್ ಮತ್ತು ಯಮನ್‌ನ ವರ್ತಕರು ಇಲ್ಲಿಳಿಯುತ್ತಾರೆ, ಮೆಣಸು, ಶುಂಠಿ ಧಾರಾಳ, ಮುಸ್ಲಿಮರು ಸುಮಾರು 4000 ಎಂದು ಬರೆದಿದ್ದಾನೆ. ಅವರಿಗೂ ಊರವರಿಗೂ ಜಗಳವಾಗುತ್ತಿತ್ತು. ವ್ಯಾಪಾರಿಗಳು ಬೇಕೆಂದು ಅರಸನೇ ರಾಜಿ ಮಾಡಿಸುತ್ತಿದ್ದನಂತೆ. ಆ ಪ್ರವಾಸಿ ಹೆಸರಿಸುವ ಖಾಝಿ ಶಾಫಿಈ ಪಂಥದವರು, ವಿದ್ಯೆ ಕಲಿಸುತ್ತಿದ್ದವರು. ದುದ್ದದ ಹುಡುಗ ಎತ್ತಿದ ಕೈಗೆ ಅಷ್ಟು ಹಳೆಯ ಗುರುಪರಂಪರೆಯಿತ್ತು.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ ನೋಡಿದೆ. ಗುರುಪುರ ನದಿಗೆ ಶತ್ರು ನೌಕೆಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು, ಕರಿಕಲ್ಲು, ಕೋವಿಕಂಡಿಗಳು. ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಕಡಲು. ಮಕ್ಕಳನ್ನು ಕರೆತಂದರೆ ಮೊದಲು ಇಲ್ಲಿಗೇ ಓಡಿಯಾರು.

ಆ ಕುಟುಂಬ ದುದ್ದ ಬಿಟ್ಟು ಬಹಳ ಕಾಲವಾಯಿತು. ಬಂದರಿನ ಮೂರು ಅಂಗಡಿಗಳಲ್ಲಿ ವಿಚಾರಿಸಿದೆ, ಯಾರಿಗೂ ತಿಳಿದಿರಲಿಲ್ಲ. ಈಗ ಮದ್ರಸದ ಕರಿಹಲಗೆಯಲ್ಲಿ ಅಸರ್‌ನ ಎರಡೂ ಸಮಯಗಳನ್ನು ಬರೆಯುತ್ತೇನೆ. ಎರಡೇಕೆ ಎಂದು ಮಕ್ಕಳು ಕೇಳಿದಾಗ ಮಂಗಳೂರಿನಿಂದ ಪಾಠ ಆರಂಭಿಸುತ್ತೇನೆ; ಆ ಹುಡುಗನ ವಿಷಯವನ್ನೂ ಹೇಳುತ್ತೇನೆ.