ಮುಂದೇನಾಗ್ತದ ಗುರೂಜಿ?

2008ರ ಮಳೆಗಾಲದ ಒಂದು ಬೆಳಿಗ್ಗೆ. ಪ್ರಾರ್ಥನೆ ಮುಗಿಸಿ ಹಾಜರಿ ಕರೆಯುತ್ತಿದ್ದೆವು. ಏಳನೇ ಇಯತ್ತೆಯ ಹಿಂದಿನ ಸಾಲಿನಲ್ಲಿ ಒಂದೇ ಗುಸುಗುಸು.

"ನಿನ್ನೆ ಅರ್ಮಾನ್ ಡಾಕ್ಟರಂದು ಏನಾತಲೇ?"

"ಯಾರಿಗ್ಗೊತ್ತು, ನಮ್ಮ ಓಣ್ಯಾಗ ಲೈಟ್ ಹೋಗಿದ್ವು!"

ಗಡಹಿಂಗ್ಲಜ ಭಾಗದಲ್ಲಿ ಆಗ ಲೋಡ್ ಶೆಡ್ಡಿಂಗಿನ ಕಾಲ. ಧಾರಾವಾಹಿಯ ತಲೆ ಒಬ್ಬ ನೋಡಿದ್ದರೆ ಬಾಲ ಇನ್ನೊಬ್ಬ ನೋಡಿರುತ್ತಿದ್ದ. ನಡುವಿನದನ್ನು ಎಲ್ಲರೂ ಕೂಡಿ ಹೊಲಿಯುತ್ತಿದ್ದರು. ನಾಳೆಯದನ್ನೂ ಅವರೇ ಹೇಳಿಬಿಡುತ್ತಿದ್ದರು.

ಧಾರಾವಾಹಿ ಸ್ಟಾರ್ ಒನ್ ವಾಹಿನಿಯ 'ದಿಲ್ ಮಿಲ್ ಗಯೇ'. 2002ರಲ್ಲಿ ಶುರುವಾಗಿದ್ದ 'ಸಂಜೀವನಿ'ಯ ಮುಂದಿನ ಕತೆ. 2007ರ ಆಗಸ್ಟ್‌ನಿಂದ 2010ರ ಅಕ್ಟೋಬರ್‌ವರೆಗೆ ನಡೆಯಿತು. ಸಂಜೀವನಿ ಎಂಬ ಆಸ್ಪತ್ರೆ, ಅಲ್ಲಿ ಕಲಿಯಲು ಬಂದ ಎಳೆಯ ಡಾಕ್ಟರರು, ಅವರ ಮೇಲೆ ಮೋಹ್ನಿಶ್ ಬಹ್ಲ್ ಮಾಡಿದ ಶಶಾಂಕ್ ಡಾಕ್ಟರ್. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಆದರೆ ವಾದ ಮಾತ್ರ ಅಚ್ಚ ಕನ್ನಡದಲ್ಲೇ!

ಅವರ ತರ್ಕಗಳನ್ನು ಕೇಳಬೇಕಿತ್ತು ನೀವು. ರಿದ್ಧಿಮಾ ಪಾತ್ರಕ್ಕೆ ಮೊದಲು ಶಿಲ್ಪಾ ಆನಂದ್ ಇದ್ದರು. ಆಮೇಲೆ ಸುಕೀರ್ತಿ ಕಾಂಡಪಾಲ್, ಅವರ ನಂತರ ಜೆನಿಫರ್ ವಿಂಗೆಟ್ ಬಂದರು. ಹೆಸರು ಅದೇ, ಮುಖ ಬೇರೆ. "ಮುಖ ಯಾಕ ಬದ್ಲಾತು ಅಂತ ಕತಿಯೊಳಗೂ ಹೇಳ್ಬೇಕಲ್ರಿ" ಎಂದು ಒಬ್ಬನ ತಕರಾರು. "ಹೀರೋ ಸಾಯೂದಿಲ್ಲ, ಸತ್ರ ನಾಳೆ ಯಾರು ನೋಡ್ತಾರ?" ಎಂದು ಇನ್ನೊಬ್ಬಳ ತೀರ್ಪು. ಎಷ್ಟು ಸರಿಯಾದ ಮಾತು ನೋಡಿ!

ನಮಗೂ ಖುಷಿಯಾಗಿತ್ತು. ಪಾಠವನ್ನು ಅರ್ಧಕ್ಕೆ ನಿಲ್ಲಿಸಿ 'ಮುಂದೇನಾದೀತು?' ಎಂದು ಕೇಳಬೇಕು ಅಂತ ಟಿ.ಸಿ.ಎಚ್.ನಲ್ಲಿ ಕಲಿತಿದ್ದೆವಲ್ಲ. ಇಲ್ಲಿ ಮಕ್ಕಳು ಕೇಳದೆಯೇ ಅದನ್ನು ಮಾಡುತ್ತಿದ್ದರು. ಚಹಾದ ಹೊತ್ತಿನಲ್ಲಿ ನಾವು ಶಿಕ್ಷಕರೂ ಪಂಥ ಕಟ್ಟಿದ್ದುಂಟು.

'ಹೀರೋ ಸಾಯೂದಿಲ್ಲ' ಎಂದವಳ ತಂದೆ ಇಚಲಕರಂಜಿಯಲ್ಲಿ ಪವರ್‌ಲೂಮ್ ಮೇಲೆ ದುಡಿಯುತ್ತಿದ್ದರು. ಒಂದು ದಿನ ಎದೆನೋವೆಂದು ಕುಸಿದರು. ಕಾಕಾ ಅವರನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಅವ್ವನೂ ಅಲ್ಲಿಗೇ ಹೋದಳು. ಹುಡುಗಿ ಅಜ್ಜಿಯ ಹತ್ತಿರ ಊರಲ್ಲಿ ಉಳಿದು, ಶಾಲೆಗೆ ಬಂದಳು.

ಊಟದ ಸೂಟಿಯಲ್ಲಿ ನಮ್ಮ ಮೇಜಿನ ಹತ್ತಿರ ನಿಂತಳು. "ಗುರೂಜಿ, ಆ ಮಶೀನ್ದಾಗ ಗೆರಿ ಸಪಾಟ ಆದ್ರೂ ಶಾಕ್ ಕೊಟ್ರ ಏಳ್ತಾರಲ್ರಿ?"

"ಹೌದವಾ, ಏಳ್ತಾರ. ನಿಮ್ಮಪ್ಪ ಮನಿಗೆ ಬರ್ತಾರ" ಎಂದುಬಿಟ್ಟೆವು.

ನಮಗೇನು ಗೊತ್ತಿತ್ತು? ಏನೂ ಇಲ್ಲ. ಡಾಕ್ಟರರನ್ನು ಕೇಳಿರಲಿಲ್ಲ. ನಾವೂ ಅದೇ ಧಾರಾವಾಹಿ ನೋಡಿದವರು, ಅಷ್ಟೇ. ಮೂರನೇ ದಿನ ಅವರು ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಆಕೆ ಶಾಲೆಗೆ ಬಂದಳು. ಅಳಲಿಲ್ಲ. "ನಮ್ಮಪ್ಪಗ ಶಾಕ್ ಯಾಕ ಕೊಡಿಸ್ಲಿಲ್ರಿ ಕಾಕಾ?" ಎಂದಳು. ಕಾಕಾನ ಜೊತೆ ಮಾತು ಬಿಟ್ಟಿದ್ದಾಳೆಂದು ಅಜ್ಜಿಯಿಂದ ತಿಳಿಯಿತು. ನಮ್ಮ ಒಂದು ಸಮಾಧಾನದ ಮಾತು ಆ ಮನೆಯಲ್ಲಿ ಮಾಡಿದ ಕೆಲಸ ಅದು.

ಆಮೇಲೆ ಪರಿಚಯದ ಡಾಕ್ಟರರೊಬ್ಬರನ್ನು ಕೇಳಿದೆವು. ಅವರು ಬಿಡಿಸಿ ಹೇಳಿದರು. ಹೃದಯ ತಾಳ ತಪ್ಪಿ ಅದುರುತ್ತಿದ್ದಾಗ ಅದನ್ನು ಸರಿಯಾದ ತಾಳಕ್ಕೆ ತರಲು ಶಾಕ್ ಕೊಡುತ್ತಾರೆ. ಗೆರೆ ಪೂರಾ ಸಪಾಟಾದರೆ ಶಾಕ್‌ನಿಂದ ಪ್ರಯೋಜನವಿಲ್ಲ. ಆಗ ಎದೆ ಒತ್ತುವುದು, ಔಷಧ ಕೊಡುವುದು, ಕಾರಣ ಹುಡುಕುವುದು. ಅಷ್ಟಾದರೂ ಎಲ್ಲರೂ ಉಳಿಯುವುದಿಲ್ಲ. ಟಿವಿಯಲ್ಲಿ ತೋರಿಸುವುದು ನೋಡುವವರ ಎದೆ ಝಲ್ಲೆನ್ನಲಿ ಎಂದು.

ಇದು ನಮ್ಮ ದೇಶದ ಧಾರಾವಾಹಿಗಳ ಕತೆ ಮಾತ್ರವಲ್ಲ. 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಅಮೆರಿಕೆಯ 'ಇ.ಆರ್.', 'ಚಿಕಾಗೋ ಹೋಪ್', 'ರೆಸ್ಕ್ಯೂ 911' ಎಂಬ ಮೂರು ಕಾರ್ಯಕ್ರಮಗಳ 97 ಕಂತುಗಳನ್ನು ಕೂತು ನೋಡಿ ಬರೆದದ್ದು. ಎದೆ ಒತ್ತಿ ಬದುಕಿಸಲು ನೋಡಿದ ಪ್ರಸಂಗಗಳು ಅವುಗಳಲ್ಲಿ 60. ಆ ಗಳಿಗೆಗೆ ಜೀವ ಉಳಿದದ್ದು ಶೇಕಡಾ 75ರಷ್ಟು ಪ್ರಸಂಗಗಳಲ್ಲಿ! ನಿಜವಾದ ಆಸ್ಪತ್ರೆಗಳಲ್ಲಿ ಬದುಕಿ ಮನೆಗೆ ಮರಳುವವರು ಬಹಳ ಕಡಿಮೆ.

ಹುಡುಗಿಯನ್ನು ಕರೆದು ಕೂರಿಸಿ ಡಾಕ್ಟರರು ಹೇಳಿದ್ದನ್ನು ಹೇಳಿದೆವು. "ಅವತ್ತು ನಾವು ಗೊತ್ತಿಲ್ದ ಹೇಳಿದ್ವಿ, ತಪ್ಪಾತು" ಎಂದೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಂಗಾರ ಕಾಕಾಂದು ತಪ್ಪಿಲ್ಲೇನ್ರಿ?"

"ಇಲ್ಲವಾ."

ಅಂದಿನಿಂದ ನಮ್ಮ ಕಪ್ಪುಹಲಗೆಯ ನಡುವೆ ಒಂದು ಗೆರೆ ಬಂತು. ಎಡಕ್ಕೆ 'ನಮ್ಮ ಆಸೆ', ಬಲಕ್ಕೆ 'ನಮ್ಮ ಊಹೆ'. ಕತೆ ಅರ್ಧಕ್ಕೆ ನಿಲ್ಲಿಸಿದಾಗ ಮಕ್ಕಳು ಎರಡೂ ಕಡೆ ಬರೆಯಬೇಕು. ಊಹೆಗೆ ಆಧಾರ ಕೊಡಬೇಕು, ಆಸೆಗೆ ಬೇಡ. ಆಸೆಯನ್ನು ಊಹೆಯ ಕಡೆ ಬರೆದರೆ ಪಕ್ಕದವರೇ ಹಿಡಿದುಬಿಡುತ್ತಾರೆ.

ಎದೆ ಒತ್ತುವುದನ್ನೂ ಹೇಳಿಕೊಡುತ್ತೇವೆ. ದೊಡ್ಡವರಿಗಾದರೆ ಎದೆಯ ನಟ್ಟನಡುವೆ, ಸುಮಾರು 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಇದಕ್ಕೆ ಸಿಪಿಆರ್ ಅನ್ನುತ್ತಾರೆ ಎಂದರೆ ಮಕ್ಕಳು ನಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸಿಪಿಆರ್ ಅಂದರೆ ಕೊಲ್ಹಾಪುರದ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ ತಾನೆ!

ಸ್ಟಾರ್ ಒನ್ 2011ರಲ್ಲಿ ಮುಚ್ಚಿತು. 2019ರಲ್ಲಿ 'ಸಂಜೀವನಿ' ಮತ್ತೆ ಬಂತು, ಅದೇ ಶಶಾಂಕ್ ಡಾಕ್ಟರರೊಂದಿಗೆ. 2020ರಲ್ಲಿ ಅದೂ ಮುಗಿಯಿತು. ಮಕ್ಕಳು ಈಗ ಬೇರೆ ಧಾರಾವಾಹಿಗಳ ಮೇಲೆ ಪಂಥ ಕಟ್ಟುತ್ತಾರೆ. ಕಟ್ಟಲಿ, ನಾವು ಬೇಡ ಅನ್ನುವುದಿಲ್ಲ.

ಆದರೆ ಯಾವುದಾದರೂ ಮಗು ಮೇಜಿನ ಹತ್ತಿರ ಬಂದು ಮನೆಯ ವಿಷಯ ತೆಗೆದು "ಮುಂದೇನಾಗ್ತದ ಗುರೂಜಿ?" ಎಂದರೆ, "ಗೊತ್ತಿಲ್ಲವಾ, ನಡಿ, ಗೊತ್ತಿದ್ದವರನ್ನು ಕೇಳೋಣು" ಎಂದು ಎದ್ದು ನಿಲ್ಲುತ್ತೇವೆ. ನಿಮ್ಮ ವರ್ಗದಲ್ಲಿ ಇಂಥ ಮಗು ಬಂದರೆ ನೀವೇನು ಹೇಳುತ್ತೀರಿ?