ಹೂ ಬಿಟ್ಟ ಮರದ ಹೆಸರು

ಪುಣೆಯ ಕಾತ್ರಜದಲ್ಲಿರುವ ನಮ್ಮ ಸೊಸೈಟಿಯ ಗೇಟಿನ ಪಕ್ಕ ಬೀಸಣಿಗೆ ಎಲೆಯ ಒಂದು ಮರವಿದೆ. ಅದರ ತಲೆ ಎರಡನೇ ಮಹಡಿಯ ನಮ್ಮ ಬಾಲ್ಕನಿಯ ಮಟ್ಟಕ್ಕೆ ಬಂದಿದೆ. ಕಳೆದ ಬೇಸಿಗೆಯಲ್ಲಿ ಅದು ಹೂ ಬಿಟ್ಟಿದ್ದು ಕಣ್ಣಿಗೆ ಬಿತ್ತು. ಇನ್ನು ಇದು ಸಾಯುತ್ತದೆ ಎಂದು ಎಲ್ಲರಿಗೂ ಹೇಳಿದವನು ನಾನೇ.

ನಾನು ಉಡುಪಿ ಕಡೆಯವನು. ನನಗೆ ದೊಡ್ಡ ಬೀಸಣಿಗೆ ಎಲೆ ಎಂದರೆ ಶ್ರೀತಾಳೆ. ಹಳೆಯ ಓಲೆಗ್ರಂಥಗಳಿಗೆ ಗರಿ ಕೊಟ್ಟ ಮರ ಅದು. 30ರಿಂದ 80 ವರ್ಷ ಬೆಳೆದು, ನೆತ್ತಿಯ ಮೇಲೆ ಒಂದೇ ಒಂದು ಸಲ ಹೂವಿನ ಗೋಪುರ ಎತ್ತಿ, ಕಾಯಿ ಮಾಗಿಸಿ ಒಣಗಿಬಿಡುತ್ತದೆ. ಹೂ ಬಿಟ್ಟರೆ ಅಪಶಕುನವೆಂದು ಕಡಿಯುವವರೂ ನಮ್ಮ ಕಡೆ ಇದ್ದಾರೆ. ಸೊಸೈಟಿಯ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಸತ್ತ ಮರ ಕಾರುಗಳ ಮೇಲೆ ಬಿದ್ದರೆ ಗತಿಯೇನು ಎಂದು ಎಲ್ಲರಿಗೂ ದಿಗಿಲಾಯಿತು. ಕಡಿಯಲು ಪಾಲಿಕೆಯ ಅನುಮತಿ ಕೇಳುವ ಅರ್ಜಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು.

ಅರ್ಜಿಯಲ್ಲಿ ಮರದ ಹೆಸರು ಬರೆಯಬೇಕಿತ್ತು. ಖಚಿತಪಡಿಸಿಕೊಳ್ಳಲು ಕೆಳಗಿಳಿದೆ. ನಮ್ಮ ಮಾಲಿ ಅಕ್ಕಲಕೋಟೆಯವನು, ಮನೆಮಾತು ಕನ್ನಡ.

“ಸಾಯ್ತದಂತ ಯಾರ್ ಹೇಳಿದ್ರಿ ಸಾಹೇಬ್ರ? ಈ ಗಿಡಾ ಹೋದ ವರ್ಷಾನೂ ಹೂ ಬಿಟ್ಟಿತ್ತು, ಅದರ ಹಿಂದಿನ ವರ್ಷಾನೂ ಬಿಟ್ಟಿತ್ತು. ಕಾಯಿ ಗುಡಿಸಿ ಗುಡಿಸಿ ನನ್ನ ಸೊಂಟ ಹೋಗೇದ.”

ಆಗ ಸರಿಯಾಗಿ ನೋಡಿದೆ. ಹೂಗೊಂಚಲು ನೆತ್ತಿಯಿಂದ ಎದ್ದಿರಲಿಲ್ಲ, ಎಲೆಗಳ ಸಂದಿಯಿಂದ ಬಂದಿತ್ತು. ಎಲೆಯ ತುದಿಗಳು ಸೀಳಿ, ಹರಿದ ಬಟ್ಟೆಯ ಅಂಚಿನಂತೆ ಜೋತುಬಿದ್ದಿದ್ದವು. ಬುಡದಲ್ಲಿ ಹಳೆಯ ಕಾಯಿಗಳ ಬೀಜಗಳಿದ್ದವು. ಇದು ಲಿವಿಸ್ಟೋನಾ, ನರ್ಸರಿಗಳಲ್ಲಿ ಚೈನಾ ಪಾಮ್ ಎಂದು ಮಾರುವ ಗಿಡ. ಬಲಿತ ಮೇಲೆ ವರ್ಷ ವರ್ಷವೂ ಹೂ ಬಿಡುತ್ತದೆ. ನಮ್ಮ ತಾಟಿನುಂಗಿನ ತಾಳೆಯಾಗಿದ್ದರೆ ಎಲೆ ಸೆಟೆದು ನಿಂತಿರುತ್ತಿತ್ತು. ವಾಷಿಂಗ್ಟೋನಿಯಾ ಆಗಿದ್ದರೆ ಎಲೆಯ ಸೀಳುಗಳಲ್ಲಿ ಬಿಳಿ ನೂಲು ನೇತಾಡುತ್ತಿತ್ತು. ಕುಂಡದಲ್ಲಿರುವಾಗ ಇವೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತವೆ, ಬೆಳೆದ ಮೇಲೆಯೇ ಮುಖ ತಿಳಿಯುವುದು.

ಮುಂದಿನ ಸಭೆಯಲ್ಲಿ ತಪ್ಪು ಒಪ್ಪಿಕೊಂಡೆ. ಅರ್ಜಿ ಹರಿದೆವು. ಅದರ ಜೊತೆಗೆ ಇನ್ನೆರಡು ಮಾತನ್ನೂ ಗೊತ್ತುಮಾಡಿದೆವು: ಹಸಿರು ಎಲೆ ಸವರಕೂಡದು, ದೀಪದ ಸರ ಕಟ್ಟಲು ಕಾಂಡಕ್ಕೆ ಮೊಳೆ ಹೊಡೆಯಕೂಡದು. ಈ ಜಾತಿಯ ಮರಕ್ಕೆ ಬೆಳೆಯುವ ಸುಳಿ ಒಂದೇ. ಕಾಂಡಕ್ಕಾದ ಗಾಯ ಬೇರೆ ಮರಗಳಲ್ಲಿ ಮುಚ್ಚಿದಂತೆ ಮುಚ್ಚಿಕೊಳ್ಳುವುದಿಲ್ಲ.

ಕಾಯಿ ಉದುರಲು ಶುರುವಾದ ದಿನ ಮಾಲಿ ನಗುತ್ತ ನನ್ನ ಕಡೆ ಪೊರಕೆ ಚಾಚಿದ. ಇಸಿದುಕೊಂಡು ಗುಡಿಸಿದೆ.